ನೀವು ಕೇಳಿದಿರಿ: ಮಗ ಹೋದ ಮೇಲೆ ಅವನ ಫೈಲು ಯಾಕೆ ಬೇಕು?

ಕೊಡಗಿನ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹಲವು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿಯಿಂದ ಮಕ್ಕಳನ್ನು ಕಳೆದುಕೊಂಡ ಮನೆಗಳಿಂದ ಬಂದಿವೆ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಸ್ನಾಯುವಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ದೇಹದಲ್ಲಿ ತಯಾರಾಗದೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸವೆಯುವ ಆನುವಂಶಿಕ ಕಾಯಿಲೆ ಇದು. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಮೂರ್ನಾಲ್ಕು ವಯಸ್ಸಿಗೆ ಮಗು ಪದೇ ಪದೇ ಬೀಳುತ್ತದೆ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಏಳುತ್ತದೆ. ಹನ್ನೆರಡರ ಆಸುಪಾಸಿಗೆ ವೀಲ್‌ಚೇರ್ ಬರುತ್ತದೆ. ಆಮೇಲೆ ಉಸಿರಾಟದ ಸ್ನಾಯು ಮತ್ತು ಹೃದಯ ಸೋಲುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಒಂದು. ಸ್ನಾಯುರೋಗ, ಆನುವಂಶಿಕ ಸಲಹೆ ಮತ್ತು ಆಪ್ತ ಸಮಾಲೋಚನೆ ಬಲ್ಲವರು ಸೇರಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ಹತ್ತೊಂಬತ್ತು ವರ್ಷದ ಮಗ ಹೋಗಿ ಒಂದು ವರ್ಷವಾಯಿತು. ಅವನ ಆಸ್ಪತ್ರೆ ಕಾಗದಗಳನ್ನೆಲ್ಲ ಸುಟ್ಟುಬಿಡಿ, ಕಣ್ಣೆದುರು ಇದ್ದರೆ ದುಃಖ ಆರುವುದಿಲ್ಲ ಎಂದು ನೆಂಟರು ಹೇಳುತ್ತಿದ್ದಾರೆ. ಏನು ಮಾಡಲಿ? (ನಾಪೋಕ್ಲು)

ಉತ್ತರ: ಬಟ್ಟೆ, ಹಾಸಿಗೆ, ಆಟದ ಸಾಮಾನು ಇಡುವುದೋ ಕೊಡುವುದೋ ನಿಮ್ಮ ಮನಸ್ಸಿಗೆ ಬಿಟ್ಟಿದ್ದು, ಅದಕ್ಕೆ ಗಡುವೂ ಇಲ್ಲ. ಫೈಲನ್ನು ಮಾತ್ರ ದಯವಿಟ್ಟು ಸುಡಬೇಡಿ. ಕಣ್ಣೆದುರು ಬೇಡವೆನಿಸಿದರೆ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಡಿ. ನಿಮ್ಮ ಮಗಳು, ನಿಮ್ಮ ಅಕ್ಕತಂಗಿಯರು, ಅವರ ಹೆಣ್ಣುಮಕ್ಕಳು ಮುಂದೆ ಮಗುವನ್ನು ಪಡೆಯುವಾಗ ವೈದ್ಯರು ಕೇಳುವ ಮೊದಲ ಕಾಗದ ಆ ಫೈಲಿನಲ್ಲಿದೆ.

ಡಿಸ್ಟ್ರೋಫಿನ್ ವಂಶವಾಹಿಯಲ್ಲಿ 79 ತುಂಡುಗಳಿವೆ. ಅವನ್ನು ಎಕ್ಸಾನ್ ಎನ್ನುತ್ತಾರೆ. ಒಬ್ಬ ಹುಡುಗನಲ್ಲಿ 45ರಿಂದ 50ರವರೆಗಿನ ತುಂಡುಗಳು ಬಿಟ್ಟುಹೋಗಿರಬಹುದು, ಇನ್ನೊಬ್ಬನಲ್ಲಿ ಒಂದೇ ಅಕ್ಷರ ತಪ್ಪಿರಬಹುದು. ಯಾವ ದೋಷ ಎಂದು ಗೊತ್ತಿದ್ದರೆ ಮನೆಯ ಹೆಣ್ಣುಮಕ್ಕಳಲ್ಲಿ ಅದೇ ಜಾಗವನ್ನು ನೋಡಿ ಖಚಿತವಾಗಿ ಹೌದು ಅಥವಾ ಅಲ್ಲ ಎನ್ನಬಹುದು. ಗೊತ್ತಿಲ್ಲದಿದ್ದರೆ ಇಡೀ ವಂಶವಾಹಿಯನ್ನು ಹುಡುಕಬೇಕು. ಆಗ 'ಏನೂ ಸಿಗಲಿಲ್ಲ' ಎಂಬ ವರದಿ ಬಂದರೂ ಪೂರ್ತಿ ನೆಮ್ಮದಿ ಸಿಗುವುದಿಲ್ಲ.

ಎಲ್ಲವನ್ನೂ ಇಡಬೇಕಾಗಿಲ್ಲ. ಜೆನೆಟಿಕ್ ವರದಿ, ಸ್ನಾಯುವಿನ ಬಯಾಪ್ಸಿ ವರದಿ, ಸ್ನಾಯು ಸವೆತವನ್ನು ತೋರಿಸುವ ಸಿಪಿಕೆ ರಕ್ತಪರೀಕ್ಷೆಯ ಮೊದಲ ವರದಿ, ಹೃದಯದ ಕೊನೆಯ ಎರಡು ಎಕೋ ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿಗಳು, ಮರಣ ಪ್ರಮಾಣಪತ್ರ, ಇಷ್ಟು ಸಾಕು. ಇಸಿಜಿ ಹಾಳೆ ಶಾಖಕ್ಕೆ ಅಕ್ಷರ ಮೂಡುವ ಕಾಗದ, ಕೆಲವೇ ವರ್ಷಗಳಲ್ಲಿ ಬೆಳ್ಳಗಾಗುತ್ತದೆ. ಅದನ್ನು ಲ್ಯಾಮಿನೇಷನ್‌ಗೆ ಕೊಡಬೇಡಿ, ಯಂತ್ರದ ಬಿಸಿಗೆ ಇಡೀ ಹಾಳೆ ಕಪ್ಪಾಗುತ್ತದೆ. ಜೆರಾಕ್ಸ್ ಮಾಡಿಸಿ, ಫೋಟೋ ತೆಗೆದಿಡಿ. ನಮ್ಮ ಮಳೆಗಾಲಕ್ಕೆ ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಕಾಗದ ಉಳಿಯುವುದಿಲ್ಲ. ಒಳಗೋಡೆಯ ಬದಿಗೆ, ನೆಲದಿಂದ ಮೇಲೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಡಬ್ಬಿ ತುಂಬುವ ಕೆಲಸ ಮಾರ್ಚ್‌ನಲ್ಲಿ ಆಗಲಿ. ಜುಲೈನಲ್ಲಿ ಮುಚ್ಚಿದರೆ ಒಳಗಿನ ತೇವವನ್ನೂ ಸೇರಿಸಿ ಮುಚ್ಚಿದ ಹಾಗಾಗುತ್ತದೆ.

ಇನ್ನೊಂದು ವಿಷಯ, ಈಗ ಮಗುವನ್ನು ಆರೈಕೆ ಮಾಡುತ್ತಿರುವವರಿಗೂ ಅನ್ವಯಿಸುವಂಥದ್ದು. ಸಾವಿನ ಕಾರಣವನ್ನು ವೈದ್ಯರು ಬರೆಯುವ ನಮೂನೆ ಆಸ್ಪತ್ರೆಯಲ್ಲಾದರೆ 4, ಮನೆಯಲ್ಲಾದರೆ 4ಎ. ಅದರಲ್ಲಿ ತಕ್ಷಣದ ಕಾರಣಕ್ಕೆ ಒಂದು ಸಾಲು, ಅದರ ಕೆಳಗೆ ಮೂಲ ಕಾರಣಕ್ಕೆ ಸಾಲುಗಳು ಇರುತ್ತವೆ. ಹಲವು ಬಾರಿ 'ಹೃದಯ ಮತ್ತು ಉಸಿರಾಟ ಸ್ತಂಭನ' ಎಂದಷ್ಟೇ ಬರೆದು ಮುಗಿಸುತ್ತಾರೆ. ಹಾಗಾದಾಗ ಆ ಹುಡುಗ ಯಾವ ಕಾಯಿಲೆಯಿಂದ ಹೋದ ಎಂಬುದು ಸರಕಾರದ ಲೆಕ್ಕದಲ್ಲಿ ಎಲ್ಲೂ ಉಳಿಯುವುದಿಲ್ಲ. ಮೂಲ ಕಾರಣದ ಸಾಲಿನಲ್ಲಿ ಕಾಯಿಲೆಯ ಹೆಸರನ್ನು ಬರೆಯಿರಿ ಎಂದು ಕುಟುಂಬದವರು ಕೇಳಬಹುದು, ಕೇಳಲೇಬೇಕು. ಸಾವಿನ ನೋಂದಣಿಗೆ 21 ದಿನದ ಅವಧಿ ಇದೆ. ಆ ಗಡಿಬಿಡಿಯಲ್ಲಿ ತಾಯಿ ತಂದೆಗೆ ಇದು ಹೊಳೆಯುವುದಿಲ್ಲ. ಚಿಕ್ಕಪ್ಪನೋ ಮಾವನೋ ಹೊಣೆ ಹೊತ್ತುಕೊಳ್ಳಲಿ.

ಪ್ರಶ್ನೆ: ನನಗೆ 24 ವರ್ಷ. ತಮ್ಮ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆಗ ಬಯಾಪ್ಸಿ ಮಾತ್ರ ಮಾಡಿಸಿದ್ದರು, ಜೆನೆಟಿಕ್ ಪರೀಕ್ಷೆ ಆಗಿರಲಿಲ್ಲ. ಈಗ ಮನೆಯಲ್ಲಿ ಮದುವೆ ಮಾತು ನಡೆಯುತ್ತಿದೆ. ಸಿಪಿಕೆ ಮಾಡಿಸಿದೆ, ನಾರ್ಮಲ್ ಬಂತು. ಇಷ್ಟು ಸಾಕೇ? (ವಿರಾಜಪೇಟೆ)

ಉತ್ತರ: ಸಾಲದು ತಂಗಿ. ದೋಷವನ್ನು ಹೊತ್ತ ಹೆಣ್ಣುಮಕ್ಕಳಲ್ಲಿ ಅನೇಕರ ಸಿಪಿಕೆ ನಾರ್ಮಲ್ ಆಗಿಯೇ ಇರುತ್ತದೆ, ವಯಸ್ಸು ಏರಿದಂತೆ ಇನ್ನೂ ಇಳಿಯುತ್ತದೆ. ಹೆಚ್ಚು ಬಂದರೆ ಅದೊಂದು ಸುಳಿವು. ನಾರ್ಮಲ್ ಬಂದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಈ ವಂಶವಾಹಿ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರೇ ವಾಹಕಿಯರು. ಗಂಡಿಗೆ ಇರುವುದು ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ಮನೆಯಲ್ಲಿ ಒಬ್ಬನೇ ಹುಡುಗನಿಗೆ ಕಾಯಿಲೆ ಬಂದಿದ್ದರೆ ತಾಯಿ ವಾಹಕಿ ಆಗಿರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು. ಉಳಿದ ಮೂರನೇ ಒಂದರಷ್ಟು ಮನೆಗಳಲ್ಲಿ ಆ ದೋಷ ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಈ ಲೆಕ್ಕದಲ್ಲಿ, ಯಾವ ಪರೀಕ್ಷೆಗೂ ಮುಂಚೆ, ನೀವು ವಾಹಕಿ ಆಗಿರುವ ಸಾಧ್ಯತೆ ಮೂರರಲ್ಲಿ ಒಂದು.

ಮೊದಲು ತಮ್ಮನ ಬಯಾಪ್ಸಿ ವರದಿ ಹುಡುಕಿ. ಅದರ ಮೇಲ್ಭಾಗದಲ್ಲಿ ಬಯಾಪ್ಸಿ ಸಂಖ್ಯೆ, ಇಸವಿ ಇರುತ್ತದೆ. ಆಸ್ಪತ್ರೆಯ ಪೆಥಾಲಜಿ ವಿಭಾಗಗಳು ಮೇಣದಲ್ಲಿ ಹುದುಗಿಸಿದ ತುಣುಕನ್ನು, ಕೆಲವೆಡೆ ಹೆಪ್ಪುಗಟ್ಟಿಸಿದ ಸ್ನಾಯುವನ್ನು, ಹಲವು ವರ್ಷ ಕಾದಿಡುತ್ತವೆ. ಅದರಿಂದ ಡಿಎನ್‌ಎ ತೆಗೆಯಲು ಸಾಧ್ಯ. ಹೆಪ್ಪುಗಟ್ಟಿಸಿದ್ದಾದರೆ ಒಳ್ಳೆಯದು, ಮೇಣದ್ದಾದರೆ ಡಿಎನ್‌ಎ ಚೂರುಚೂರಾಗಿ ಪರೀಕ್ಷೆ ವಿಫಲವಾಗುವುದೂ ಉಂಟು. ತಾಯಿ ಅಥವಾ ತಂದೆ ಅರ್ಜಿ ಬರೆದು, ಮರಣ ಪ್ರಮಾಣಪತ್ರ, ಸಂಬಂಧ ತೋರಿಸುವ ದಾಖಲೆ, ಜೆನೆಟಿಕ್ ವೈದ್ಯರ ಪತ್ರ ಜೊತೆಗಿಟ್ಟು ಕೇಳಬೇಕು. ಬಯಾಪ್ಸಿಯ ತುಣುಕು ಸಿಗದಿದ್ದರೆ ತಮ್ಮನ ಹಾಲುಹಲ್ಲನ್ನು ಯಾರಾದರೂ ಎತ್ತಿಟ್ಟಿದ್ದಾರೆಯೇ ಕೇಳಿ. ಹಲ್ಲಿನೊಳಗೆ ಡಿಎನ್‌ಎ ಬಹುಕಾಲ ಉಳಿಯುತ್ತದೆ. ಕತ್ತರಿಸಿದ ಕೂದಲಿನಿಂದ ಇದಕ್ಕೆ ಪ್ರಯೋಜನವಿಲ್ಲ, ಬುಡ ಇರಬೇಕು.

ಇವೇನೂ ಸಿಗದಿದ್ದರೂ ದಾರಿ ಮುಚ್ಚಿಲ್ಲ. ನಿಮ್ಮ ತಾಯಿಯ ರಕ್ತವನ್ನು ಮೊದಲು ಪರೀಕ್ಷಿಸಬೇಕು, ನಿಮ್ಮದನ್ನಲ್ಲ. ಇಲ್ಲೇ ಬಹಳ ಮನೆಗಳು ಹಣ ಕಳೆದುಕೊಳ್ಳುವುದು. ತಾಯಿಯಲ್ಲಿ ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ನೋಡಿದರಾಯಿತು. ಬೇಕಾಗುವುದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ 3ರಿಂದ 5 ಮಿಲಿ ರಕ್ತ, ಖಾಲಿ ಹೊಟ್ಟೆ ಬೇಕಾಗಿಲ್ಲ. ಎಂಎಲ್‌ಪಿಎ ಎಂಬ ಪರೀಕ್ಷೆ ತುಂಡು ಬಿಟ್ಟುಹೋದದ್ದನ್ನೂ ಇಮ್ಮಡಿಯಾದದ್ದನ್ನೂ ಹಿಡಿಯುತ್ತದೆ. ಹುಡುಗರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ದೋಷಗಳು ಈ ಬಗೆಯವು. ಅದರಲ್ಲಿ ಸಿಗದಿದ್ದರೆ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್ ಮಾಡಬೇಕು. ತಾಯಿಯ ರಕ್ತದಲ್ಲಿ ಏನೂ ಸಿಗಲಿಲ್ಲವೆಂದು ನಿಮ್ಮನ್ನು ಪರೀಕ್ಷಿಸದೆ ಬಿಡುವುದೂ ಸರಿಯಲ್ಲ. ಕೆಲವು ತಾಯಂದಿರಲ್ಲಿ ದೋಷ ಅಂಡಾಣುಗಳಲ್ಲಿ ಮಾತ್ರ ಅಡಗಿರುತ್ತದೆ, ರಕ್ತದಲ್ಲಿ ಕಾಣುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುರೋಗಗಳ ತಪಾಸಣೆ ಇದೆ. ಬೆಂಗಳೂರಿನಲ್ಲೇ ಇರುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಒಟ್ಟಾಗಿ, 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲ್ಪಟ್ಟಿವೆ. ಪರೀಕ್ಷೆಗೆ ಮುಂಚೆ ಒಮ್ಮೆ, ವರದಿ ಬಂದ ಮೇಲೆ ಒಮ್ಮೆ ಆನುವಂಶಿಕ ಸಲಹೆಗಾರರ ಜೊತೆ ಕೂತು ಮಾತಾಡಿ.

ವಾಹಕಿ ಎಂದು ಬಂದರೆ ಮದುವೆಗೆ ಅಡ್ಡಿಯಿಲ್ಲ, ಮಕ್ಕಳಿಗೂ ಅಡ್ಡಿಯಿಲ್ಲ. ಪ್ರತಿ ಬಸಿರಿನಲ್ಲೂ ಕಾಯಿಲೆಯ ಗಂಡುಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬಸಿರಾದ 11ರಿಂದ 13ನೇ ವಾರದೊಳಗೆ ಮಾಸಿನ ತುಣುಕಿನಿಂದ, ಇಲ್ಲವೇ 15 ವಾರ ತುಂಬಿದ ಮೇಲೆ ಗರ್ಭಜಲದಿಂದ ಪರೀಕ್ಷೆ ಮಾಡಬಹುದು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯೇ ಲಿಂಗಸಂಬಂಧಿ ಆನುವಂಶಿಕ ಕಾಯಿಲೆಗಳ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಟ್ಟಿದೆ, ಹೆದರಬೇಡಿ. ಆದರೆ ಮನೆಯ ದೋಷ ಯಾವುದೆಂದು ಬಸಿರಿಗೆ ಮುಂಚೆಯೇ ಗೊತ್ತಿರಬೇಕು. ಬಸಿರಾದ ಮೇಲೆ ಹುಡುಕಲು ಹೊರಟರೆ ವಾರಗಳು ಸಾಲುವುದಿಲ್ಲ. ವಾಹಕಿಯರ ಹೃದಯದ ಸ್ನಾಯುವೂ ದುರ್ಬಲವಾಗಬಹುದು. ಹಾಗಾಗಿ ಮೂರರಿಂದ ಐದು ವರ್ಷಕ್ಕೊಮ್ಮೆ ಎಕೋ ಮಾಡಿಸಬೇಕು, ನಿಮ್ಮ ತಾಯಿಯೂ ಕೂಡ. ಮಗನನ್ನು ಎತ್ತಿ ಇಳಿಸಿ ಸವೆದ ತಾಯಂದಿರು ತಮ್ಮ ಎದೆಯ ದಣಿವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುತ್ತಾರೆ. ಅದು ನಮಗೆ ಬಹಳ ಬೇಸರದ ಸಂಗತಿ.

ಗಂಡಿನ ಕಡೆಯವರಿಗೆ ಹೇಳಬೇಕೇ ಎಂಬುದು ನಿಮ್ಮ ತೀರ್ಮಾನ, ವರದಿ ನಿಮ್ಮ ಸ್ವಂತದ್ದು. ನಮ್ಮನ್ನು ಕೇಳಿದರೆ, ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನಿಗೆ ನೀವೇ ನೇರವಾಗಿ ಹೇಳಿ. ಮಧ್ಯಸ್ಥರ ಬಾಯಿಂದ ಹೋದರೆ ಮಾತು ಬೇರೆಯೇ ಆಗಿ ತಲುಪುತ್ತದೆ.

ಪ್ರಶ್ನೆ: ಮೊಮ್ಮಗ ಹೋದದ್ದು ಕುಲದೇವರ ದೋಷದಿಂದ ಎನ್ನುತ್ತಾರೆ. ಸೊಸೆಯ ಕಡೆಯಿಂದ ಬಂತು ಎಂದೂ, ಸಂಬಂಧದೊಳಗೆ ಮದುವೆ ಮಾಡಿದ್ದರಿಂದ ಬಂತು ಎಂದೂ ಮಾತಿದೆ. ಯಾವುದು ನಿಜ? (ಶನಿವಾರಸಂತೆ)

ಉತ್ತರ: ದೇವರ ದೋಷವೂ ಅಲ್ಲ, ಸಂಬಂಧದೊಳಗಿನ ಮದುವೆಯೂ ಅಲ್ಲ. ಸೋದರಿಕೆ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬೇರೆ, ಅವುಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷ ಬರಬೇಕು. ಡುಶೆನ್‌ಗೆ ಆ ನಿಯಮವಿಲ್ಲ. ತಾಯಿಯ ಮೂಲಕ ಬಂದಿದ್ದರೂ ಅದು ಅವರು ಮಾಡಿದ್ದಲ್ಲ, ಅವರಿಗೆ ಗೊತ್ತಿದ್ದದ್ದೂ ಅಲ್ಲ. ಮೂರನೇ ಒಂದು ಪಾಲು ಮನೆಗಳಲ್ಲಿ ತಾಯಿಯಲ್ಲೂ ದೋಷವಿರುವುದಿಲ್ಲ. ಅಮ್ಮ, ಹಿರಿಯರಾದ ನೀವು ಒಂದು ಸಲ ಎಲ್ಲರ ಮುಂದೆ 'ಇದರಲ್ಲಿ ಅವಳ ತಪ್ಪೇನೂ ಇಲ್ಲ' ಎಂದು ಸೊಸೆಯ ಪರವಾಗಿ ಹೇಳಿಬಿಡಿ. ಆ ಮಾತಿಗೆ ಇರುವ ಬಲ ವೈದ್ಯರ ವರದಿಗೂ ಇಲ್ಲ.

ಪ್ರಶ್ನೆ: ಒಕ್ಕದಲ್ಲಿ (ಮನೆತನದಲ್ಲಿ) ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಕಾರಣಂಗ್ ಕೊಡ್‌ಪ ದಿನ, ಮದುವೆಯಾಗದೆ ಹೋದ ಮಗನಿಗೂ ಎಡೆ ಇಡಬಹುದೇ? ಹಿರಿಯರಲ್ಲೇ ಭಿನ್ನಾಭಿಪ್ರಾಯವಿದೆ. (ಪೊನ್ನಂಪೇಟೆ)

ಉತ್ತರ: ಇದನ್ನು ನಿಮ್ಮ ಒಕ್ಕದ ಹಿರಿಯರಾದ ಪಟ್ಟೆದಾರರೇ ಹೇಳಬೇಕು, ನಾವಲ್ಲ. ಆದರೆ ಕೇಳುವ ಕೆಲಸವನ್ನು ತಾಯಿಯ ಮೇಲೆ ಬಿಡಬೇಡಿ. ಹತ್ತಿರದವರೊಬ್ಬರು ಕೆಲವು ದಿನ ಮುಂಚೆಯೇ ಪಟ್ಟೆದಾರರನ್ನು ಕಂಡು ಮಾತಾಡಲಿ. ಆ ದಿನ ಎಲ್ಲರೂ ಸೇರಿದ ಮೇಲೆ ವಾದವಾದರೆ ಆಗುವ ಗಾಯ ದೊಡ್ಡದು.

ಪ್ರಶ್ನೆ: ದೊಡ್ಡ ಮಗ ಹೋದ. ಎರಡನೆಯವನಿಗೆ 13 ವರ್ಷ, ಅವನಿಗೂ ಅದೇ ಕಾಯಿಲೆ, ವೀಲ್‌ಚೇರ್‌ನಲ್ಲಿದ್ದಾನೆ. ಅವನೆದುರು ಅಣ್ಣನ ಹೆಸರೆತ್ತುವುದನ್ನೇ ಬಿಟ್ಟಿದ್ದೇವೆ. ಮೊನ್ನೆ ಅವನೇ, 'ಅಣ್ಣನ ಹಾಗೆ ನಾನೂ ಹೋಗ್ತೀನಾ' ಎಂದು ಕೇಳಿದ. ಏನು ಹೇಳಲಿ? (ಸಿದ್ದಾಪುರ)

ಉತ್ತರ: ಅವನು ಕೇಳಿದ್ದಾನೆ ಎಂದರೆ ಬಹಳ ದಿನದಿಂದ ಯೋಚಿಸಿದ್ದಾನೆ. ಮನೆಯವರ ಮೌನದಿಂದ ಅವನ ಭಯ ಕಡಿಮೆಯಾಗಿಲ್ಲ, ಆ ಭಯವನ್ನು ಅವನು ಒಬ್ಬನೇ ಹೊತ್ತಿದ್ದಾನೆ ಅಷ್ಟೇ. 'ಛೆ, ಹಾಗೆಲ್ಲ ಮಾತಾಡಬಾರದು' ಎಂದು ಬಾಯಿ ಮುಚ್ಚಿಸಬೇಡಿ. 'ನಿನಗೇನೂ ಆಗಲ್ಲ' ಎಂಬ ಸುಳ್ಳೂ ಬೇಡ, ಅವನಿಗೆ ಮೊಬೈಲ್ ಇದೆ, ಓದಲು ಬರುತ್ತದೆ.

ಮೊದಲು ಅವನನ್ನೇ ಕೇಳಿ: 'ನಿಂಗೆ ಏನನ್ನಿಸುತ್ತೆ? ಯಾವುದು ಹೆದರಿಕೆ?' ಎಷ್ಟೋ ಮಕ್ಕಳಿಗೆ ಸಾವಿಗಿಂತ, ಉಸಿರುಗಟ್ಟಿ ನೋವಾಗುತ್ತದೇನೋ, ರಾತ್ರಿ ಕರೆದರೆ ಯಾರಿಗೂ ಕೇಳಿಸದೇನೋ ಎಂಬ ಭಯ ಇರುತ್ತದೆ. ಅದಕ್ಕೆ ನಿಜವಾದ ಉತ್ತರವಿದೆ. ಹಾಸಿಗೆಯ ಪಕ್ಕ ಬೆಲ್ ಹಾಕಿಸಿ, ಅದನ್ನು ಒತ್ತಲು ಅವನ ಬೆರಳಿಗೆ ಬಲ ಸಾಲುತ್ತದೆಯೇ ಎಂದು ಅವನ ಜೊತೆಗೇ ನೋಡಿ. ಆಮೇಲೆ ಹೀಗೆ ಹೇಳಬಹುದು: 'ನಿಮ್ಮಿಬ್ಬರ ಕಾಯಿಲೆ ಒಂದೇ, ಅದು ಗಟ್ಟಿ ಕಾಯಿಲೆ. ಎಷ್ಟು ವರ್ಷ ಅಂತ ಯಾರಿಗೂ ಗೊತ್ತಿಲ್ಲ. ಅಣ್ಣನಿಗೆ ತಡವಾಗಿ ಸಿಕ್ಕಿದ ಕೆಲವು ಚಿಕಿತ್ಸೆ ನಿಂಗೆ ಮೊದಲೇ ಸಿಗ್ತಾ ಇದೆ. ಏನೇ ಬಂದರೂ ನಾವು ನಿನ್ನ ಪಕ್ಕದಲ್ಲೇ ಇರ್ತೀವಿ.' ಇದರಲ್ಲಿ ಸುಳ್ಳಿನ ಒಂದು ಮಾತೂ ಇರಬಾರದು. ಹಾಗಾಗಿ ಆ ಚಿಕಿತ್ಸೆಗಳು ನಿಜಕ್ಕೂ ಸಿಗುವಂತೆ ನೋಡಿಕೊಳ್ಳಬೇಕು. ಹೃದಯದ ಆರೈಕೆ, ರಾತ್ರಿಯ ಉಸಿರಾಟದ ಯಂತ್ರ ಸಮಯಕ್ಕೆ ಸಿಕ್ಕವರು ಈಗ ಇಪ್ಪತ್ತರ ಕೊನೆ, ಮೂವತ್ತರವರೆಗೂ ಬದುಕುತ್ತಿದ್ದಾರೆ.

ಎಕೋ ವರ್ಷಕ್ಕೊಮ್ಮೆಯಾದರೂ ಆಗಬೇಕು. ಎಕೋ ನಾರ್ಮಲ್ ಇದ್ದರೂ ಹತ್ತು ವರ್ಷದ ಹೊತ್ತಿಗೆ ಹೃದಯ ಕಾಯುವ ಮಾತ್ರೆ ಶುರುಮಾಡಬೇಕೆಂಬುದು ಈಗಿನ ಪದ್ಧತಿ. ನಿಮ್ಮ ಮಗನಿಗೆ 13, ಶುರುವಾಗಿಲ್ಲದಿದ್ದರೆ ಈ ತಿಂಗಳೇ ಕೇಳಿ. ಬೆಳಿಗ್ಗೆ ಎದ್ದಾಗ ತಲೆನೋವು, ರಾತ್ರಿ ಪದೇ ಪದೇ ಎಚ್ಚರ, ಹಗಲು ತೂಕಡಿಕೆ ಕಂಡರೆ ನಿದ್ದೆಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದೆ ಎಂದು ಅನುಮಾನಿಸಬೇಕು. ಬೇಕಾದದ್ದು ಬೈಪ್ಯಾಪ್ ಎಂಬ ಮಾಸ್ಕಿನ ಉಸಿರಾಟದ ಯಂತ್ರ, ಬರಿಯ ಆಮ್ಲಜನಕವಲ್ಲ. ಆಮ್ಲಜನಕವನ್ನಷ್ಟೇ ಕೊಟ್ಟರೆ ಬೆರಳಿನ ಯಂತ್ರದಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ, ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಲೇ ಇರುತ್ತದೆ. ಸ್ಟೆರಾಯ್ಡ್ ಮಾತ್ರೆಯನ್ನು ಒಂದೇ ಸಲಕ್ಕೆ ನಿಲ್ಲಿಸಬಾರದು. ಮಳೆಗೆ ರಸ್ತೆ ಕಟ್ಟುವ ಊರುಗಳಲ್ಲಿ ಒಂದು ತಿಂಗಳ ಮಾತ್ರೆ ಮೇ ಕೊನೆಗೇ ಮನೆಯಲ್ಲಿರಲಿ. ಅರಿವಳಿಕೆ ಕೊಡುವಾಗ ಸಕ್ಸಿನೈಲ್‌ಕೋಲಿನ್ ಬಳಸಬಾರದು. ಇಷ್ಟನ್ನೂ ಒಂದೇ ಹಾಳೆಯಲ್ಲಿ ವೈದ್ಯರಿಂದ ಬರೆಸಿ, ಸಹಿ ಹಾಕಿಸಿ, ವೀಲ್‌ಚೇರಿನ ಹಿಂದಿನ ಚೀಲದಲ್ಲಿಡಿ. ಅಣ್ಣನ ಫೈಲಿನಿಂದ ತಮ್ಮನಿಗೆ ಸಿಗುವ ಮೊದಲ ಉಪಕಾರ ಇದು: ಅವನಲ್ಲಿ ಯಾವ ಲಕ್ಷಣ ಯಾವಾಗ ಕಾಣಿಸಿತು, ಯಾವುದನ್ನು ತಡವಾಗಿ ಗುರುತಿಸಲಾಯಿತು ಎಂಬುದನ್ನು ಇವನ ವೈದ್ಯರಿಗೆ ತೋರಿಸಿ.

ಅಣ್ಣನ ವಾರ್ಷಿಕದ ದಿನ ಇವನನ್ನು ಒಳಕೋಣೆಯಲ್ಲಿ ಕೂರಿಸಬೇಡಿ. ಏನು ಮಾಡೋಣ ಎಂದು ಕೇಳಿ. ಅಣ್ಣನಿಗೆ ಇಷ್ಟವಾದ ಅಡುಗೆಯನ್ನು ಅವನೇ ಹೇಳಲಿ, ಫೋಟೋ ಅವನೇ ಆರಿಸಲಿ. ಬೇಡ ಎಂದರೆ ಅದನ್ನೂ ಒಪ್ಪಿ. ಅಣ್ಣನ ವಯಸ್ಸನ್ನು ಇವನು ಮುಟ್ಟುವ ಹುಟ್ಟುಹಬ್ಬ ಕಷ್ಟದ ದಿನ. ಅದನ್ನು ಮೊದಲೇ ನೆನಪಿಟ್ಟು, ಅಣ್ಣನ ಜೊತೆ ಹೋಲಿಸುವ ಮಾತು ಯಾರ ಬಾಯಿಂದಲೂ ಬರದಂತೆ ನೋಡಿಕೊಳ್ಳಿ.

ಪ್ರಶ್ನೆ: ಎಂಟನೇ ತರಗತಿಯ ವಿದ್ಯಾರ್ಥಿ ತೀರಿಕೊಂಡ. ತರಗತಿಯಲ್ಲಿ ಹೇಗೆ ಹೇಳುವುದು, ಅವನ ಜಾಗವನ್ನೇನು ಮಾಡುವುದು? (ಸೋಮವಾರಪೇಟೆಯ ಶಿಕ್ಷಕಿ)

ಉತ್ತರ: ಮರುದಿನದ ಮೊದಲ ಪಿರಿಯಡ್‌ನಲ್ಲಿ, ಮಕ್ಕಳಿಗೆ ಪರಿಚಯವಿರುವ ತರಗತಿ ಶಿಕ್ಷಕರೇ ಹೇಳಬೇಕು. 'ದೇವರ ಹತ್ತಿರ ಹೋದ', 'ಮಲಗಿದ' ಎನ್ನದೆ 'ತೀರಿಕೊಂಡ' ಎಂದೇ ಹೇಳಿ. ಕಾಯಿಲೆಯ ಹೆಸರು ಹೇಳಿ, ಇದು ಅಂಟುವುದಿಲ್ಲ, ಅವನ ಜೊತೆ ಆಡಿದ್ದರಿಂದ, ಊಟ ಹಂಚಿಕೊಂಡಿದ್ದರಿಂದ ಯಾರಿಗೂ ಬರುವುದಿಲ್ಲ ಎಂದು ಬಿಡಿಸಿ ಹೇಳಿ. ಬೆಂಚನ್ನು ಅದೇ ದಿನ ಬೇರೆಯವರಿಗೆ ಕೊಡಬೇಡಿ. ಒಂದೆರಡು ವಾರ ಕಳೆದ ಮೇಲೆ ಮಕ್ಕಳನ್ನೇ ಕೇಳಿ ಬದಲಿಸಿ. ಹಾಜರಿ ಪುಸ್ತಕದಲ್ಲಿ ಹೆಸರನ್ನು ವೈಟ್ನರ್ ಹಚ್ಚಿ ಅಳಿಸುವುದು ಬೇಡ, ತಿಂಗಳ ಕೊನೆಯವರೆಗೆ ಇರಲಿ, ಮುಂದಿನ ತಿಂಗಳ ಪಟ್ಟಿಯಲ್ಲಿ ಸಹಜವಾಗಿ ಬಿಟ್ಟುಹೋಗುತ್ತದೆ.

ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವೂ ಅವನ ಬಗ್ಗೆ ನೆನಪಿರುವ ಒಂದು ಸಂಗತಿಯನ್ನು ಬರೆಯಲಿ. 'ಒಳ್ಳೆಯವನಾಗಿದ್ದ' ಎಂದಲ್ಲ. ಯಾವ ಆಟದ ಸ್ಕೋರು ಬಾಯಿಪಾಠ ಇತ್ತು, ಯಾರ ಹೋಮ್‌ವರ್ಕ್ ಮಾಡಿಕೊಟ್ಟ, ಯಾವ ಮಾತಿಗೆ ನಕ್ಕ, ಅಂಥದ್ದನ್ನು. ಹದಿನೈದು ದಿನದೊಳಗೆ ಆ ಪುಸ್ತಕವನ್ನು ಅವನ ಮನೆಗೆ ತಲುಪಿಸಿ. ತಂದೆ ತಾಯಿಗೆ ಶಾಲೆಯ ಮಗ ಹೇಗಿದ್ದ ಎಂಬುದು ಗೊತ್ತಿರುವುದಿಲ್ಲ, ಅದು ಅವರಿಗೆ ಹೊಸದಾಗಿ ಸಿಗುವ ಮಗ. ಅವನ ವೀಲ್‌ಚೇರ್ ತಳ್ಳುತ್ತಿದ್ದ, ಶೌಚಾಲಯಕ್ಕೆ ಕರೆದೊಯ್ಯುತ್ತಿದ್ದ ಮಕ್ಕಳ ಮೇಲೆ ಕಣ್ಣಿಡಿ. ಅವರಿಗೆ ದಿನದ ಒಂದು ಕೆಲಸವೇ ಇಲ್ಲವಾಗಿದೆ. ನಿದ್ದೆ, ಊಟ ಎರಡು ವಾರ ಕಳೆದರೂ ಸರಿಹೋಗದಿದ್ದರೆ ಮನೆಯವರಿಗೆ ತಿಳಿಸಿ, ಟೆಲಿ-ಮಾನಸ್ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮಗನ ಮೊಬೈಲ್ ಹಾಗೇ ಇದೆ. ಅವನ ದನಿ ಅದರಲ್ಲಿದೆ. ಕಳೆದುಹೋಗದ ಹಾಗೆ ಉಳಿಸುವುದು ಹೇಗೆ? ಫೋಟೋಗಳಿಗೂ ಬೂಷ್ಟು ಹಿಡಿಯುತ್ತಿದೆ. (ಮಡಿಕೇರಿ)

ಉತ್ತರ: ದನಿ ಮೊದಲು, ಅದಕ್ಕೆ ಸಮಯದ ಗಡುವಿದೆ. ಪ್ರೀಪೇಯ್ಡ್ ಸಿಮ್ 90 ದಿನ ಬಳಕೆಯಾಗದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು, ಮುಂದೆ ಆ ನಂಬರು ಬೇರೆಯವರಿಗೂ ಹೋಗುತ್ತದೆ. ವಾಟ್ಸ್ಯಾಪ್ ಖಾತೆ ಸಾಮಾನ್ಯವಾಗಿ 120 ದಿನ ಸುಮ್ಮನಿದ್ದರೆ ಅಳಿಯುತ್ತದೆ. ಗೂಗಲ್ ಖಾತೆಗೆ ಎರಡು ವರ್ಷ. ಆದ್ದರಿಂದ ಸಿಮ್‌ಗೆ ಕನಿಷ್ಠ ರೀಚಾರ್ಜ್ ಹಾಕುತ್ತಿರಿ, ಗೂಗಲ್‌ಗೆ ಆಗಾಗ ಲಾಗಿನ್ ಆಗಿ. ಪ್ಯಾಟರ್ನ್ ಗೊತ್ತಿಲ್ಲದಿದ್ದರೆ ಊಹಿಸಿ ಊಹಿಸಿ ಎಳೆಯಬೇಡಿ. ರಿಸೆಟ್ ಮಾಡಿಕೊಡುತ್ತೇವೆ ಎನ್ನುವ ಅಂಗಡಿಗೆ ಕೊಡಬೇಡಿ, ರಿಸೆಟ್ ಎಂದರೆ ಎಲ್ಲ ಅಳಿಸಿದಂತೆಯೇ. ಅವನು ಕಳಿಸಿದ ವಾಯ್ಸ್ ಮೆಸೇಜುಗಳು ನಿಮ್ಮ ಫೋನಿನಲ್ಲಿ, ಅವನ ಗೆಳೆಯರ ಫೋನಿನಲ್ಲಿ ಇನ್ನೂ ಇರುತ್ತವೆ. ಆ ಚಾಟ್ ತೆರೆದು 'ಎಕ್ಸ್‌ಪೋರ್ಟ್ ಚಾಟ್' ಒತ್ತಿ, ಮೀಡಿಯಾ ಸಹಿತ ಎಂದು ಆರಿಸಿ ಇಮೇಲ್‌ಗೆ ಕಳಿಸಿಕೊಳ್ಳಿ. ಬಹಳ ಇದ್ದರೆ ಹಳೆಯವು ಬಿಟ್ಟುಹೋಗುತ್ತವೆ, ಅವನ್ನು ಒಂದೊಂದಾಗಿ ಫಾರ್ವರ್ಡ್ ಮಾಡಬೇಕು. ಎರಡು ಪ್ರತಿ ಮಾಡಿ ಎರಡು ಬೇರೆ ಮನೆಯಲ್ಲಿಡಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ವರ್ಷಕ್ಕೊಮ್ಮೆ ತೆರೆದು ನೋಡಿ. ಫೈಲಿನ ಹೆಸರನ್ನು 'ಅಮ್ಮನಿಗೆ ಪುತ್ತರಿ ದಿನ' ಎಂಬಂತೆ ಬದಲಿಸಿ, ಇಲ್ಲದಿದ್ದರೆ ಅಂಕಿಗಳ ಸಾಲಿನಲ್ಲಿ ಯಾವುದು ಯಾವುದೆಂದು ತಿಳಿಯದು.

ಫೋಟೋಗೆ ಬೂಷ್ಟು ಬರುವುದು ಹೆಚ್ಚಾಗಿ ಗಾಜಿಗೆ ನೇರವಾಗಿ ಅಂಟಿಕೊಂಡಿದ್ದರೆ. ಫೋಟೋದ ಸುತ್ತ ದಪ್ಪ ರಟ್ಟಿನ ಚೌಕಟ್ಟು ಹಾಕಿಸಿ, ಗಾಜಿಗೂ ಫೋಟೋಗೂ ನಡುವೆ ಗಾಳಿಯಾಡಲಿ. ಗೋಡೆಗೂ ಫ್ರೇಮಿಗೂ ನಡುವೆ ಕಾರ್ಕಿನ ಸಣ್ಣ ತುಂಡುಗಳನ್ನು ಅಂಟಿಸಿ. ಬೂಷ್ಟು ಬಂದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣವೇ ಎದ್ದುಬರುತ್ತದೆ. ಒಣಗಲು ಬಿಟ್ಟು, ಮನೆಯ ಹೊರಗೆ ಮೆತ್ತನೆಯ ಬ್ರಷ್‌ನಿಂದ ಜಾಡಿಸಿ. ಗಾಜಿಗೆ ಅಂಟಿಹೋಗಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಪಾಸ್‌ಪೋರ್ಟ್ ಅಳತೆಯ ಫೋಟೋ ಒಂದೇ ಉಳಿದಿದ್ದರೆ 600 ಡಿಪಿಐಗಿಂತ ಕಡಿಮೆ ಸ್ಕ್ಯಾನ್ ಬೇಡ ಎಂದು ಸ್ಟುಡಿಯೋದವರಿಗೆ ಹೇಳಿ.

ಪ್ರಶ್ನೆ: ಬೈಪ್ಯಾಪ್ ಯಂತ್ರ, ಬ್ಯಾಟರಿ ವೀಲ್‌ಚೇರ್ ಇನ್ನೊಬ್ಬ ಮಗುವಿಗೆ ಕೊಡಬಹುದೇ? (ಕುಶಾಲನಗರ)

ಉತ್ತರ: ಕೊಡಬಹುದು, ಬೇಗ ಕೊಟ್ಟರೆ ಒಳ್ಳೆಯದು. ಬೈಪ್ಯಾಪ್‌ನ ಮಾಸ್ಕ್, ಟ್ಯೂಬ್, ಫಿಲ್ಟರ್, ನೀರಿನ ಡಬ್ಬಿ ಹೊಸತೇ ಆಗಬೇಕು. ಯಂತ್ರದಲ್ಲಿರುವ ಒತ್ತಡದ ಅಂಕಿಗಳು ನಿಮ್ಮ ಮಗನ ಎದೆಗೆ ಹೊಂದಿಸಿದವು, ಶ್ವಾಸಕೋಶದ ವೈದ್ಯರು ಮತ್ತೆ ಹೊಂದಿಸದೆ ಒಂದು ರಾತ್ರಿಯೂ ಬಳಸಬಾರದು. ವೀಲ್‌ಚೇರ್‌ನ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡದಿದ್ದರೆ ಒಂದು ಮಳೆಗಾಲದಲ್ಲೇ ಸಾಯುತ್ತದೆ. ಕುರ್ಚಿಯ ಅಗಲವನ್ನು ಅಳೆದು ತಿಳಿಸಿ. ಮಗುವಿಗೆ ದೊಡ್ಡದಾದರೆ ಒಂದು ಬದಿಗೆ ವಾಲಿ ಬೆನ್ನುಮೂಳೆ ಬಾಗುವುದು ಹೆಚ್ಚುತ್ತದೆ. ಉಳಿದ ಮಾತ್ರೆಗಳನ್ನು ಕೊಡಬೇಡಿ.

ಪ್ರಶ್ನೆ: ಅಣ್ಣನ ಮಗನ ಹೆಸರಿನಲ್ಲಿ ಹಾಕಿ ಪಂದ್ಯಾವಳಿ ಮಾಡಬೇಕೆಂದಿದ್ದೇವೆ. ಬೇರೆ ಏನಾದರೂ ಮಾಡಬಹುದೇ? (ಗೋಣಿಕೊಪ್ಪಲು)

ಉತ್ತರ: ಹಾಕಿ ಎಂದರೆ ಪ್ರಾಣವಾಗಿದ್ದ ಹುಡುಗನಾದರೆ ಪಂದ್ಯಾವಳಿ ಮಾಡಿ, ಏಪ್ರಿಲ್ ಮೇ ತಿಂಗಳಲ್ಲಿ. ಅವನು ಹೋದ ದಿನ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಬಿದ್ದರೆ ಹುಟ್ಟಿದ ದಿನವನ್ನೋ, ಸೆಪ್ಟೆಂಬರ್ 7ರ ವಿಶ್ವ ಡುಶೆನ್ ಜಾಗೃತಿ ದಿನವನ್ನೋ ಇಟ್ಟುಕೊಳ್ಳಬಹುದು. 79 ಎಕ್ಸಾನ್‌ಗಳ ನೆನಪಿಗೆ ಆರಿಸಿದ ತಾರೀಕು ಅದು. ದತ್ತಿನಿಧಿ ಇಡುವುದಾದರೆ ಅಸಲನ್ನು ಮುಟ್ಟದೆ ಬಡ್ಡಿ ಮಾತ್ರ ಬಳಸುವಂತೆ ಬರೆದುಕೊಡಿ. ಒಂದು ಲಕ್ಷಕ್ಕೆ ಶೇ. 6ರ ಬಡ್ಡಿಯಾದರೆ ವರ್ಷಕ್ಕೆ 6,000, ಒಂದು ಮಗುವಿನ ಪುಸ್ತಕ ಬ್ಯಾಗಿಗೆ ಸಾಕು.

ಆದರೆ ಅವನು ಓದಿದ ಶಾಲೆಯಲ್ಲಿ ರ‍್ಯಾಂಪ್ ಇದೆಯೇ ನೋಡಿ. ಇಲ್ಲದಿದ್ದರೆ ನಮ್ಮ ಮೊದಲ ಸಲಹೆ ಅದೇ. ಶಾಲಾಭಿವೃದ್ಧಿ ಸಮಿತಿ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಅಳತೆ 1:12, ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಆರು ಇಂಚಿನ ಮೂರು ಮೆಟ್ಟಿಲು ಇದ್ದರೆ 18 ಅಡಿ ಬೇಕು. ಜಾಗ ಸಾಲದೆಂದು ಮೇಸ್ತ್ರಿ 8 ಅಡಿಗೆ ಮುಗಿಸಿದರೆ ಅದು ವೀಲ್‌ಚೇರಿಗೆ ಹತ್ತಲಾಗದ ಇಳಿಜಾರು, ಇಳಿಯುವಾಗ ಮಗು ಮುಂದಕ್ಕೆ ಬೀಳುತ್ತದೆ. ಜಾಗವಿಲ್ಲದಿದ್ದರೆ ಮಧ್ಯೆ ತಿರುವು ಕೊಡಿ, ತಿರುವಿನಲ್ಲೂ ಬಾಗಿಲ ಮುಂದೆಯೂ 5 ಅಡಿ ಚೌಕದ ಸಮತಟ್ಟು ಜಾಗ ಇರಲಿ. ಅಗಲ 4 ಅಡಿ, ಎರಡೂ ಬದಿಗೆ ಕೈಹಿಡಿ, ಅಂಚಿನಲ್ಲಿ ಚಕ್ರ ಜಾರದಂತೆ 3 ಇಂಚಿನ ಕಟ್ಟೆ. ಟೈಲ್ಸ್ ಹಾಕಿಸಲೇಬೇಡಿ, ನಯವಾದ ಸಿಮೆಂಟೂ ಬೇಡ. ಸಿಮೆಂಟ್ ಹಸಿಯಿರುವಾಗಲೇ ತೆಂಗಿನ ಪೊರಕೆಯಿಂದ ಅಡ್ಡಡ್ಡ ಗೀರು ಎಳೆಸಿ. ಮೇಲೆ ತಗಡಿನ ಮಾಡು ಹಾಕಿದರೆ ಪಾಚಿ ಅರ್ಧ ಕಡಿಮೆ. ಉಳಿದದ್ದಕ್ಕೆ ಮೇ ಕೊನೆಯಲ್ಲಿ ಒಮ್ಮೆ, ಮಳೆ ನಡುವೆ ತಿಂಗಳಿಗೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್‌ನಿಂದ ತಿಕ್ಕಿಸಬೇಕು. ಆ ಖರ್ಚಿಗೂ ದತ್ತಿಯಲ್ಲಿ ಒಂದು ಪಾಲು ತೆಗೆದಿಡಿ. ಹುಡುಗನ ಹೆಸರಿನ ಫಲಕವನ್ನು ಕೈಹಿಡಿಯ ಶುರುವಿನಲ್ಲಿ, ಕುರ್ಚಿಯಲ್ಲಿ ಕೂತ ಮಗುವಿನ ಕಣ್ಣಿಗೆ ಕಾಣುವ ಮೂರೂವರೆ ಅಡಿ ಎತ್ತರಕ್ಕೆ ಹಾಕಿಸಿ.